ಕಪಾಟಿನಿಂದ ಗಟಾರಕ್ಕೆ ಇಳಿಯಬೇಕಾದ ಯೋಜನೆ

ಕೇಳುಗರಿಗೆಲ್ಲ ನಮಸ್ಕಾರ.

ವಿಜಯಪುರದವರಿಗೆ ಬಿಸಿಲೇನೂ ಹೊಸದಲ್ಲ, ಬರವೂ ಹೊಸದಲ್ಲ. ಈಗಿನ ತಾಪತ್ರಯ ಬೇರೆ. ವಾರಗಟ್ಟಲೆ ಮುಖ ತೋರಿಸದ ಮಳೆ ಒಂದೇ ರಾತ್ರಿ ಜಡಿದು, ಗಟಾರ ಉಕ್ಕಿ, ತಗ್ಗಿನ ಓಣಿಯ ಮನೆಗಳಿಗೆ ನುಗ್ಗುತ್ತದೆ. ಇದಕ್ಕೆ ಯೋಜನೆ ಇಲ್ಲವಾ? ಇದೆ. ಹವಾಮಾನ ಬದಲಾವಣೆಗೆ ಅಂತ ರಾಜ್ಯದ ಕ್ರಿಯಾಯೋಜನೆ ಇದೆ, ಜಿಲ್ಲೆಗೆ ವಿಪತ್ತು ನಿರ್ವಹಣಾ ಯೋಜನೆಯೂ ಇದೆ. ಗುದ್ದಲಿ ಬೀಳುವುದು ಮಾತ್ರ ತಡ.

ಯಾಕಂದರೆ ವರದಿಯಲ್ಲಿ ‘ಚರಂಡಿಗಳ ಸಾಮರ್ಥ್ಯ ಹೆಚ್ಚಿಸಬೇಕು’ ಅಂತ ಒಂದು ಸಾಲು ಇರುತ್ತದೆ. ಆ ಸಾಲಿಗೆ ಟೆಂಡರ್ ಕರೆಯಲು ಬರುವುದಿಲ್ಲ. ಯಾವ ಓಣಿಯ ಗಟಾರ, ಎಷ್ಟು ಅಗಲ, ಇಳಿಜಾರು ಯಾವ ಕಡೆ, ನೀರು ಕೊನೆಗೆ ಎಲ್ಲಿ ಹೋಗಿ ಬೀಳಬೇಕು, ಆ ಜಾಗ ಯಾರದು, ಇದನ್ನೆಲ್ಲ ಲೆವೆಲ್ ಹಿಡಿದು ಅಳೆದು ಎಸ್ಟಿಮೇಟ್ ಮಾಡಿದ ಮೇಲೇ ಅದು ಕೆಲಸ. ಇಲ್ಲದಿದ್ದರೆ ರಸ್ತೆ ಮಾಡಿದವರು ಒಂದು ಮಟ್ಟಕ್ಕೆ, ಮುಂದಿನ ತುಂಡು ಮಾಡಿದವರು ಇನ್ನೊಂದು ಮಟ್ಟಕ್ಕೆ ಗಟಾರ ಕಟ್ಟುತ್ತಾರೆ, ನೀರು ನಡುವೆ ನಿಂತು ಸೊಳ್ಳೆ ಸಾಕುತ್ತದೆ.

ದುಡ್ಡಿನ ಮಾತೂ ಅಷ್ಟೇ. ‘ಹವಾಮಾನ’ ಅಂತ ಬೇರೆ ಗಂಟು ಬರಲಿ ಅಂತ ಕಾಯುತ್ತ ಕೂತರೆ ಆಗದು. 15ನೇ ಹಣಕಾಸು ಆಯೋಗ ನಮ್ಮಂಥ, ಹತ್ತು ಲಕ್ಷಕ್ಕಿಂತ ಕಡಿಮೆ ಜನರಿರುವ ಊರುಗಳ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು, ಮಳೆನೀರು ಕೊಯ್ಲು, ನೈರ್ಮಲ್ಯಕ್ಕೇ ಮೀಸಲಿಟ್ಟಿತ್ತು. ಯೋಜನೆಯನ್ನು ಇಂಥ ಬಾಬತ್ತಿಗೆ ಹೊಂದುವಂತೆ ಕತ್ತರಿಸಿಕೊಳ್ಳುವುದು ಜಾಣತನ.

ಇನ್ನು ಕಟ್ಟಿದ್ದು ಬಾಳಿಕೆ ಬರಬೇಕಲ್ಲ. ಇದಕ್ಕೆ ಬೇರೆ ಊರಿನ ಪಾಠವೇ ಬೇಡ. 1651ರಲ್ಲಿ ಮೊಹಮ್ಮದ್ ಆದಿಲ್ ಶಾಹ ಕಟ್ಟಿಸಿದ ಬೇಗಂ ತಲಾಬಿನಿಂದ ಊರಿಗೆ ಮಣ್ಣಿನ ಕೊಳವೆಗಳಲ್ಲಿ ನೀರು ಬರುತ್ತಿತ್ತು. ದಾರಿಯಲ್ಲಿ ಅಲ್ಲಲ್ಲಿ ಗಂಜ್‌ಗಳು, ಅಂದರೆ ನೀರಿನ ಗೋಪುರಗಳು, ಈಗಲೂ ಕೆಲವು ನಿಂತಿವೆ, ನಾವು ಸುಮ್ನೆ ಹಳೇ ಗೋಪುರ ಅಂದುಕೊಂಡು ದಾಟಿ ಹೋಗುತ್ತೇವೆ. ಕೊಳವೆಯ ನೀರು ಗಂಜ್‌ನೊಳಗೆ ಮೇಲೇರಿದಾಗ ಒತ್ತಡ ಇಳಿಯುತ್ತಿತ್ತು, ಕೊಳವೆ ಒಡೆಯುತ್ತಿರಲಿಲ್ಲ. ಹೂಳು ತಳದಲ್ಲಿ ಕೂರುತ್ತಿತ್ತು. ಅಂದರೆ ಹೂಳು ಬಂದೇ ಬರುತ್ತದೆ ಅನ್ನುವ ಲೆಕ್ಕ ಕಟ್ಟಡದ ಒಳಗೇ ಇತ್ತು! ನಮ್ಮ ಈಗಿನ ಎಸ್ಟಿಮೇಟುಗಳಲ್ಲಿ ಕಟ್ಟುವ ಖರ್ಚು ಪೈಸೆ ಪೈಸೆಗೂ ಇರುತ್ತದೆ, ಆಮೇಲೆ ವರ್ಷವರ್ಷ ಹೂಳು ತೆಗೆಯುವ ಖರ್ಚು ಎಷ್ಟೋ ಸಲ ಇರುವುದೇ ಇಲ್ಲ.

ಎಲ್ಲದಕ್ಕೂ ಕೋಟಿಗಟ್ಟಲೆ ಬೇಕು ಅಂತಲೂ ಇಲ್ಲ. 2010ರ ಬಿಸಿಗಾಳಿಗೆ ತತ್ತರಿಸಿದ ಅಹಮದಾಬಾದ್ 2013ರಲ್ಲಿ ಬಿಸಿಲಿಗೇ ಅಂತ ಯೋಜನೆ ಮಾಡಿತು. ಆಮೇಲೆ ಬಡವರ ಮನೆಗಳ ಛಾವಣಿಗೆ ಬಿಳಿ ಸುಣ್ಣ ಬಳಿಸಿತು. ನಮ್ಮಲ್ಲೂ ತಗಡಿನ ಮನೆಗಳು ಕಡಿಮೆಯೇನಿಲ್ಲ, ಬ್ರಷ್ಷಿಗೂ ಬರವಿಲ್ಲ.

ನಿಮ್ಮ ಓಣಿಯಲ್ಲಿ ಗಟಾರದ ಕೆಲಸ ಶುರುವಾದಾಗ ಎಂಜಿನಿಯರ್ ಸಾಹೇಬರನ್ನು ಎರಡೇ ಮಾತು ಕೇಳಿ: ಈ ನೀರು ಎಲ್ಲಿ ಹೋಗಿ ಬೀಳುತ್ತದೆ, ಮೇಲೆ ಫರ್ಸಿ ಮುಚ್ಚಿದ ಮೇಲೆ ಹೂಳು ತೆಗೆಯುವವನು ಎಲ್ಲಿಂದ ಇಳಿಯಬೇಕು? ಕಾಂಕ್ರೀಟ್ ಹಾಕುವ ಮೊದಲೇ ಕೇಳಿ, ಆಮೇಲೆ ಒಡೆಯಲು ಮತ್ತೊಂದು ಟೆಂಡರ್ ಆಗಬೇಕಾಗುತ್ತದೆ.

ನಮಸ್ಕಾರ.