ರೆಕಾರ್ಡಿನ ಹಿಂಬದಿಯ ಹಾಡು: ‘ಐ ವಿಲ್ ಸರ್ವೈವ್’ ಕಟ್ಟಿದ ಬಗೆ, ಜನ ಕೇಳಿದ ಬಗೆ

ಸ್ನೇಹಿತರೆ, ಎಲ್ಲರಿಗೂ ನಮಸ್ಕಾರ.

1978ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಪಾಲಿಡಾರ್ ಎಂಬ ರೆಕಾರ್ಡ್ ಕಂಪನಿ ಗಾಯಕಿ ಗ್ಲೋರಿಯಾ ಗೇನರ್ ಅವರ ಹೊಸ ಸಿಂಗಲ್, ಅಂದರೆ ಎರಡು ಬದಿಗೆ ಒಂದೊಂದು ಹಾಡಿರುವ ಸಣ್ಣ ರೆಕಾರ್ಡು, ಬಿಡುಗಡೆ ಮಾಡಿತು. ಕಂಪನಿ ನಂಬಿಕೊಂಡಿದ್ದದ್ದು ಮುಂಬದಿಯ ‘ಸಬ್‌ಸ್ಟಿಟ್ಯೂಟ್’ ಎಂಬ ಹಾಡನ್ನು. ಅದನ್ನು ಆಗಲೇ ಬೇರೆಯವರು ಹಾಡಿಯಾಗಿತ್ತು, ಜನರ ಕಿವಿಗೆ ಬಿದ್ದಿತ್ತು. ಹಿಂಬದಿಯನ್ನೂ ತುಂಬಬೇಕಲ್ಲ, ಅಲ್ಲಿಗೆ ‘ಐ ವಿಲ್ ಸರ್ವೈವ್’ ಬಂತು. ಐದು ತಿಂಗಳು ಕಳೆದು 1979ರ ಮಾರ್ಚ್ ಬರುವಷ್ಟರಲ್ಲಿ ಆ ಹಿಂಬದಿಯ ಹಾಡೇ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲನೆಯದಾಗಿತ್ತು. ನಡುವೆ ಜಾರಿ ಮತ್ತೆ ಏರಿ, ಒಟ್ಟು ಮೂರು ವಾರ ಅಲ್ಲಿ ನಿಂತಿತು.

ಆತ್ಮವಿಶ್ವಾಸ ತುಂಬುವ ಪಾಪ್ ಹಾಡುಗಳು ಆಮೇಲೆ ನೂರಾರು ಬಂದವು. ಅವುಗಳಲ್ಲಿ ಹೆಚ್ಚಿನವು ಒಂದು ಋತುವಿನಷ್ಟು ಬಾಳಿ ಮರೆಯಾದವು. ಇದು ಮಾತ್ರ ನಲವತ್ತೈದು ವರ್ಷ ದಾಟಿ ಬದುಕಿದೆ. ಕಾರಣವನ್ನು ಗಾಯಕಿಯ ಕಂಠದಲ್ಲಿ ಹುಡುಕುವವರಿದ್ದಾರೆ, ಕಾಲದ ಅದೃಷ್ಟದಲ್ಲಿ ಹುಡುಕುವವರೂ ಇದ್ದಾರೆ. ನನಗೆ ಕಾರಣ ಕಾಣುವುದು ಹಾಡನ್ನು ಕಟ್ಟಿದ ಬಗೆಯಲ್ಲಿ. ಈ ಹಾಡು ಭಯದಿಂದ ಶುರುವಾಗುತ್ತದೆ. ಧೈರ್ಯ ಕೊಡಬೇಕಾದ ಹಾಡು ಮೊದಲ ಸಾಲಿನಲ್ಲೇ ಧೈರ್ಯವಾಗಿದ್ದುಬಿಟ್ಟರೆ, ಕೇಳುವವರಿಗೆ ಏರಿಹೋಗಲು ಮೆಟ್ಟಿಲೇ ಉಳಿಯುವುದಿಲ್ಲ.

ಬರೆದವರು ಇಬ್ಬರು, ಫ್ರೆಡ್ಡಿ ಪೆರ್ರೆನ್ ಮತ್ತು ಡೀನೋ ಫೆಕಾರಿಸ್. ಪೆರ್ರೆನ್ ಮೋಟೌನ್ ಎಂಬ ರೆಕಾರ್ಡ್ ಕಂಪನಿಯಲ್ಲಿ ಜಾಕ್ಸನ್ ಫೈವ್ ತಂಡದ ಮೊದಮೊದಲ ಜನಪ್ರಿಯ ಹಾಡುಗಳನ್ನು ಕಟ್ಟಿದ ಗುಂಪಿನಲ್ಲಿದ್ದವರು. ಫೆಕಾರಿಸ್ ಅದೇ ಕಂಪನಿಯಲ್ಲಿ ಸುಮಾರು ಏಳು ವರ್ಷ ಹಾಡು ಬರೆದು, ಒಂದು ದಿನ ಕೆಲಸ ಕಳೆದುಕೊಂಡರು. ಮುಂದೇನು ಎಂದು ಕೂತಿದ್ದಾಗ ಟೀವಿಯಲ್ಲಿ ತಾವೇ ಬರೆದ ಹಾಡೊಂದು ಬಂತಂತೆ. ಅದನ್ನೇ ಶುಭಶಕುನವೆಂದುಕೊಂಡು ಹಾಸಿಗೆಯ ಮೇಲೆ ಕುಣಿಯುತ್ತ ‘ನಾನು ಬದುಕಿಕೊಳ್ಳುತ್ತೇನೆ’ ಎಂದು ಹೇಳಿಕೊಂಡದ್ದಾಗಿ ಅವರೇ ನೆನೆದಿದ್ದಾರೆ. ಅಂದರೆ ಈ ಹಾಡಿನ ಬೇರು ಪ್ರೇಮಭಂಗದಲ್ಲಿಲ್ಲ, ಕೆಲಸ ಹೋದ ದಿನದಲ್ಲಿದೆ. ಬಿಟ್ಟುಹೋಗಿ ಮತ್ತೆ ಬಾಗಿಲಿಗೆ ಬರುವ ಪ್ರೇಮಿಯ ಕಥೆಯನ್ನು ಆಮೇಲೆ ಹೊದಿಸಿದ್ದು. ಇದು ಬರೀ ಸ್ವಾರಸ್ಯದ ವಿವರವಲ್ಲ, ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

‘ಸಬ್‌ಸ್ಟಿಟ್ಯೂಟ್’ ಹಾಡನ್ನು ಮಾಡಿಕೊಡುವ ಕೆಲಸ ಪೆರ್ರೆನ್‌ಗೆ ಬಂದಾಗ, ಹಿಂಬದಿಯಲ್ಲಿ ತಮ್ಮ ಹಾಡಿರಬೇಕು ಎಂದು ಅವರು ಕೇಳಿಕೊಂಡರು. ಗೇನರ್ ಆ ಹೊತ್ತಿಗೆ ದೊಡ್ಡ ಪೆಟ್ಟು ತಿಂದಿದ್ದರು. ನ್ಯೂಯಾರ್ಕಿನ ವೇದಿಕೆಯೊಂದರಲ್ಲಿ ಬಿದ್ದು, ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಾಗಿತ್ತು. ಸ್ಟುಡಿಯೋದಲ್ಲಿ ನಿಂತು ಹಾಡುವಾಗ ಬೆನ್ನಿಗೆ ಕಟ್ಟುಪಟ್ಟಿ ಇತ್ತು. ಕೆಲಸ ಹೋದವನ ಹಾಡನ್ನು ಬೆನ್ನು ಮುರಿದುಕೊಂಡ ಗಾಯಕಿ ಹಾಡಿದರು. ಹೊರಗೆ ಕೇಳುವವರಿಗೆ ಇದಾವುದೂ ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ.

ಈಗ ಹಾಡಿನ ಒಳಗೆ ಹೋಗೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಶ್ರುತಿ ಎ ಮೈನರ್. ವೇಗ ನಿಮಿಷಕ್ಕೆ ಸುಮಾರು 117 ಬಡಿತ. ಕಾರ್ಡು ಎಂದರೆ ಒಟ್ಟಿಗೆ ನುಡಿಸುವ ಕೆಲವು ಸ್ವರಗಳ ಗೊಂಚಲು. ಇಡೀ ಹಾಡಿನಲ್ಲಿ ಇರುವುದು ಎಂಟು ಕಾರ್ಡುಗಳ ಒಂದೇ ಸುತ್ತು: ಎ ಮೈನರ್, ಡಿ ಮೈನರ್, ಜಿ, ಸಿ ಮೇಜರ್ ಸೆವೆನ್, ಎಫ್ ಮೇಜರ್ ಸೆವೆನ್, ಬಿ ಹಾಫ್ ಡಿಮಿನಿಶ್ಡ್, ಇ ಸಸ್ ಫೋರ್, ಕೊನೆಗೆ ಇ. ಬೆರಳಲ್ಲಿ ಎಣಿಸಿ ನೋಡಿ. ಎ ಇಂದ ನಾಲ್ಕನೆಯ ಅಕ್ಷರ ಡಿ. ಡಿ ಇಂದ ನಾಲ್ಕನೆಯದು ಜಿ. ಜಿ ಮುಗಿದರೆ ಮತ್ತೆ ಎ ಎಂದು ಎಣಿಸಿಕೊಂಡು ಹೋದರೆ ಸಿ ಸಿಗುತ್ತದೆ. ಹೀಗೆ ಪ್ರತಿ ಕಾರ್ಡೂ ಮುಂದಿನದನ್ನು ಕೈಹಿಡಿದು ಎಳೆಯುತ್ತದೆ, ಕೊನೆಯ ಇ ಮರಳಿ ಎ ಮೈನರ್‌ಗೆ ತಂದು ಬಿಡುತ್ತದೆ. ಎಲ್ಲೂ ನಿಂತು ಉಸಿರು ಬಿಡುವ ತಂಗುದಾಣವಿಲ್ಲ. ಒಂದೊಂದು ಕಾರ್ಡಿಗೆ ನಾಲ್ಕು ಬಡಿತ, ಒಂದು ಸುತ್ತಿಗೆ ಮೂವತ್ತೆರಡು ಬಡಿತ, ಅಂದರೆ ಹದಿನಾರು ಸೆಕೆಂಡಿಗಿಂತ ತುಸು ಹೆಚ್ಚು. ಚರಣಕ್ಕೂ ಇದೇ ಸುತ್ತು, ಪಲ್ಲವಿಗೂ ಇದೇ.

ಇದು ಪಾಪ್ ಹಾಡಿನ ರೂಢಿಗೆ ವಿರುದ್ಧ. ರೂಢಿಯಲ್ಲಿ ಪಲ್ಲವಿ ಬಂದಾಗ ಕಾರ್ಡುಗಳು ಬದಲಾಗಿ ಬಾಗಿಲು ತೆರೆದಂತೆ ಕೇಳಿಸಬೇಕು. ಕೊನೆಯ ಪಲ್ಲವಿಯಲ್ಲಿ ಶ್ರುತಿಯನ್ನೇ ಒಂದು ಮೆಟ್ಟಿಲು ಏರಿಸುವುದೂ ಉಂಟು. ಇಲ್ಲಿ ಎರಡೂ ಇಲ್ಲ. ಸುತ್ತಲಿನ ಪರಿಸ್ಥಿತಿ ಕೊನೆಯವರೆಗೂ ಅದೇ. ಬದಲಾಗುವವಳು ಅದರೊಳಗೆ ನಿಂತ ಹೆಂಗಸು ಮಾತ್ರ. ಬದುಕಿನಲ್ಲಿ ಆಗುವುದೂ ಹೀಗೇ ಅಲ್ಲವೇ? ಕಿವಿ ಇದನ್ನು ವಿವರಣೆಯಿಲ್ಲದೆ ಹಿಡಿಯುತ್ತದೆ.

ಮೊದಲ ಸುತ್ತನ್ನು ಹತ್ತಿರದಿಂದ ನೋಡೋಣ. ಪಿಯಾನೋದ ಒಂದು ಓಟ ಮೇಲಿನಿಂದ ಸುರಿದು ನಿಲ್ಲುತ್ತದೆ. ತಾಳವಿಲ್ಲ. ಮಾತಾಡಿದ ಹಾಗೆ ದನಿ ಬರುತ್ತದೆ. ಮೊದಲ ಎರಡು ಕಾರ್ಡುಗಳ ಮೇಲೆ ಅವಳು ಹೆದರಿದ್ದನ್ನು, ಮರಗಟ್ಟಿದ್ದನ್ನು ಒಪ್ಪಿಕೊಳ್ಳುತ್ತಾಳೆ. ಮುಂದಿನ ಎರಡರಲ್ಲಿ ಅವನಿಲ್ಲದೆ ಬದುಕಲಾರೆ ಎಂದುಕೊಂಡದ್ದು. ಐದನೆಯದರಲ್ಲಿ ನಿದ್ದೆಗೆಟ್ಟ ರಾತ್ರಿಗಳು. ಆರನೆಯದು ಬಿ ಹಾಫ್ ಡಿಮಿನಿಶ್ಡ್, ಸುತ್ತಿನಲ್ಲೇ ಅತ್ಯಂತ ಕಹಿಯಾದ ಕಾರ್ಡು. ಅವನು ಮಾಡಿದ ಅನ್ಯಾಯದ ಮಾತು ಸರಿಯಾಗಿ ಅಲ್ಲೇ ಬೀಳುತ್ತದೆ. ಏಳನೆಯದು ಇ ಸಸ್ ಫೋರ್. ಸಸ್ ಎಂದರೆ ತೂಗುಬಿಟ್ಟ ಕಾರ್ಡು, ಅದರ ನಡುವಿನ ಸ್ವರ ತನ್ನ ಜಾಗಕ್ಕೆ ಇನ್ನೂ ಇಳಿದಿರುವುದಿಲ್ಲ. ‘ಗಟ್ಟಿಯಾದೆ’ ಎಂಬ ಅರ್ಥದ ಮಾತು ಬರುವುದು ಆ ತೂಗಾಟದ ಮೇಲೆ. ಎಂಟನೆಯದರಲ್ಲಿ ಆ ಸ್ವರ ಅರ್ಧ ಮೆಟ್ಟಿಲು ಇಳಿದು ಕಾರ್ಡು ಇ ಆಗುತ್ತದೆ. ‘ಸಂಭಾಳಿಸಿಕೊಳ್ಳಲು ಕಲಿತೆ’ ಎಂಬ ಮಾತು ಅಲ್ಲಿ. ಆಮೇಲೆ ಎ ಮೈನರ್‌ಗೆ ಮರಳುವಾಗ ಡ್ರಮ್ಮು, ಬೇಸು ಎರಡೂ ಕೂಡಿಕೊಳ್ಳುತ್ತವೆ. ಹಾಡು ನಡೆಯತೊಡಗುತ್ತದೆ, ಅವನು ಬಾಗಿಲಲ್ಲಿ ಬಂದು ನಿಂತಿದ್ದಾನೆ.

ಒಂದೇ ಸುತ್ತಿನಲ್ಲಿ ಒಂದು ಇಡೀ ಮನಃಪರಿವರ್ತನೆ ಮುಗಿಯಿತು. ಉಳಿದ ಹಾಡು ಅದನ್ನು ಪರೀಕ್ಷೆಗೆ ಒಡ್ಡುವುದು.

ಡ್ರಮ್ಸ್ ಜೇಮ್ಸ್ ಗ್ಯಾಡ್ಸನ್, ಬೇಸ್ ಸ್ಕಾಟ್ ಎಡ್ವರ್ಡ್ಸ್. ಪ್ರತಿ ಬಡಿತಕ್ಕೂ ದೊಡ್ಡ ಡ್ರಮ್ಮಿನ ಗುದ್ದು, ಎರಡು ಗುದ್ದುಗಳ ನಡುವೆ ತೆರೆದ ಹೈ-ಹ್ಯಾಟ್ ಎಂಬ ಜೋಡಿ ತಾಳದ ಸದ್ದು, ಇದು ಡಿಸ್ಕೋದ ಮಾಮೂಲಿ ನಡೆ. ಮಾಮೂಲಿಯಲ್ಲದ್ದು ಒಂದಿದೆ: ಹಿಂದೆ ಸಹಗಾಯಕಿಯರಿಲ್ಲ. ಆ ಕಾಲದ ಡಿಸ್ಕೋ ರೆಕಾರ್ಡುಗಳಲ್ಲಿ ಮೂರು ನಾಲ್ಕು ದನಿಗಳು ಪಲ್ಲವಿಯನ್ನು ಎತ್ತಿಕೊಡುವುದು ವಾಡಿಕೆ. ಇಲ್ಲಿ ಒಂಟಿ ದನಿ, ಅದರ ಸುತ್ತ ಪಿಟೀಲುಗಳು. ‘ನಾನೊಬ್ಬಳೇ’ ಎನ್ನುವ ಹಾಡಿನಲ್ಲಿ ಹಿಂದಿನಿಂದ ಮೂವರು ‘ಹೌದು ಹೌದು’ ಎಂದಿದ್ದರೆ ಮಾತು ಸುಳ್ಳಾಗುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಸಹಗಾಯಕಿಯರ ಆ ಖಾಲಿ ಜಾಗಕ್ಕೆ ಮುಂದೆ ಕೇಳುಗರು ಬಂದು ನಿಂತರು.

ಇಂಥ ಹಾಡು ಕಟ್ಟುವವರು ಎಡವುವುದು ಎಲ್ಲಿ? ನನ್ನ ಲೆಕ್ಕದಲ್ಲಿ ಮೊದಲ ತಪ್ಪು ಧ್ವನಿಯ ಮಟ್ಟದ್ದು. ಇಂದಿನ ಮಿಕ್ಸಿಂಗಿನಲ್ಲಿ ಎಲ್ಲವನ್ನೂ ಲಿಮಿಟರ್‌ಗೆ, ಅಂದರೆ ಸದ್ದು ಒಂದು ಮಿತಿ ದಾಟದಂತೆ ತಡೆಯುವ ಸಾಧನಕ್ಕೆ, ಒತ್ತಿ, ಮೊದಲ ಚರಣವೇ ಪಲ್ಲವಿಯಷ್ಟು ಜೋರಾಗಿರುತ್ತದೆ. ಚರಣಕ್ಕೂ ಪಲ್ಲವಿಗೂ ನಡುವೆ ಐದಾರು ಡೆಸಿಬೆಲ್ ಆದರೂ ಉಳಿಸಿಕೊಳ್ಳದಿದ್ದರೆ ಏರಿಕೆ ಕಾಗದದ ಮೇಲಷ್ಟೇ ಇರುತ್ತದೆ. ಇಷ್ಟೇ ದೊಡ್ಡ ಇನ್ನೊಂದು ತಪ್ಪು ಮಾತಿನದು: ಬೆಲೆ ತೆರದ ಗೆಲುವು. ‘ನಾನು ಬಲಶಾಲಿ, ನನ್ನನ್ನು ತಡೆಯುವವರಿಲ್ಲ’ ಎಂದು ಮೂರು ನಿಮಿಷ ಹೇಳಿದರೆ ಕೇಳುಗರು ಹೊರಗೇ ನಿಲ್ಲುತ್ತಾರೆ, ಏಕೆಂದರೆ ಅಂಥ ಹಾಡು ಬೇಕಾದ ದಿನ ಅವರು ಬಲಶಾಲಿಯಾಗಿರುವುದಿಲ್ಲ. ಗೇನರ್ ಹಾಡಿನಲ್ಲಿ ಬೀಗ ಬದಲಾಯಿಸಬೇಕಿತ್ತು, ಕೀಲಿಕೈ ವಾಪಸು ಕೇಳಬೇಕಿತ್ತು ಎಂಬ ಪಶ್ಚಾತ್ತಾಪವಿದೆ. ಎಷ್ಟು ಸಣ್ಣ ಮಾತು! ಆದರೆ ಆ ಬೀಗ, ಕೀಲಿಗಳೇ ಹಾಡನ್ನು ನೆಲಕ್ಕೆ ಕಟ್ಟಿಹಾಕಿವೆ. ಮತ್ತೆ ರಾಗದ ಹರವು. ಗುಂಪು ಹಾಡಬೇಕಾದ ಪಲ್ಲವಿ ಒಂದೂವರೆ ಸ್ಥಾಯಿ ಹರಡಿಕೊಂಡರೆ ಅರ್ಧ ಜನ ಬಾಯಿ ಮುಚ್ಚುತ್ತಾರೆ.

ಒಂದು ಪದದ ಮೇಲೆ ಇಡೀ ಹಾಡು ತಿರುಗುವುದೂ ಉಂಟು. 2023ರ ಜನವರಿಯಲ್ಲಿ ಬಂದ ಮೈಲಿ ಸೈರಸ್ ಅವರ ‘ಫ್ಲವರ್ಸ್’ ಕೂಡ ಎ ಮೈನರ್‌ನಲ್ಲಿ, ಹೆಚ್ಚುಕಡಿಮೆ ಅದೇ ವೇಗದಲ್ಲಿ, ಅದೇ ನಾಲ್ಕನೆಯದಕ್ಕೆ ಜಿಗಿಯುವ ಕಾರ್ಡುಗಳ ಮೇಲೆ ನಿಂತಿದೆ. ಕೇಳಿದವರಿಗೆ ಗೇನರ್ ನೆನಪಾದದ್ದು ಸಹಜ. ಅದರ ಮೊದಲ ಕರಡಿನಲ್ಲಿ ಪಲ್ಲವಿ ದುಃಖದ್ದಾಗಿತ್ತು ಎಂದು ಸೈರಸ್ ಹೇಳಿದ್ದಾರೆ: ಎಲ್ಲವನ್ನೂ ನಾನೇ ಮಾಡಿಕೊಳ್ಳಬಲ್ಲೆ, ಆದರೆ ನಿನ್ನಷ್ಟು ಚೆನ್ನಾಗಿ ನನ್ನನ್ನು ನಾನು ಪ್ರೀತಿಸಲಾರೆ ಎಂದು. ‘ಲಾರೆ’ಯನ್ನು ‘ಬಲ್ಲೆ’ ಮಾಡಿದ್ದೇ ತಡ, ಅಳುವ ಹಾಡು ಎದ್ದು ನಿಂತಿತು. ಕರಡಿನ ಆ ದುಃಖ ಕಾರ್ಡುಗಳಲ್ಲಿ ಹಾಗೇ ಉಳಿದದ್ದರಿಂದಲೇ ಗೆಲುವಿನ ಮಾತು ಬೊಗಳೆ ಅನಿಸುವುದಿಲ್ಲ.

ಇನ್ನು ಜನ ಕೇಳಿದ ಬಗೆ. ‘ಐ ವಿಲ್ ಸರ್ವೈವ್’ ಹಾಡನ್ನು ಮೊದಲು ಎತ್ತಿಕೊಂಡವರು ಕ್ಲಬ್ಬುಗಳ ಡಿಸ್ಕ್ ಜಾಕಿಗಳು. ನ್ಯೂಯಾರ್ಕಿನ ಸ್ಟುಡಿಯೋ 54ರಲ್ಲಿ ರಿಚಿ ಕಾಜೋರ್ ರೆಕಾರ್ಡನ್ನು ಮಗುಚಿ ಹಿಂಬದಿಯನ್ನು ಹಾಕಿದರು. ಕುಣಿಯಲು ಬಂದವರು ರೇಡಿಯೋಗೆ ಫೋನು ಮಾಡಿ ಕೇಳತೊಡಗಿದರು, ಕೊನೆಗೆ ಕಂಪನಿಯೇ ಹಿಂಬದಿಯನ್ನು ಮುಂಬದಿ ಮಾಡಬೇಕಾಯಿತು. ಅದೇ 1979ರ ಜುಲೈ 12ರಂದು ಶಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ವಿರೋಧಿಗಳು ಡಿಸ್ಕೋ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಸಿದರು. 1980ರಲ್ಲಿ ಈ ಹಾಡಿಗೆ ಅತ್ಯುತ್ತಮ ಡಿಸ್ಕೋ ಧ್ವನಿಮುದ್ರಿಕೆಯ ಗ್ರ್ಯಾಮಿ ಬಂತು. ಆ ವಿಭಾಗ ಅದೊಂದೇ ವರ್ಷ ಇದ್ದು ರದ್ದಾಯಿತು. ಡಿಸ್ಕೋ ಮುಳುಗಿದರೂ ಹಾಡು ಮುಳುಗಲಿಲ್ಲ.

ಮುಳುಗದಂತೆ ಹಿಡಿದವರು ಕಂಪನಿಯ ಲೆಕ್ಕದಲ್ಲಿ ಇಲ್ಲದವರು. ಗಂಡನ ಮನೆ ಬಿಟ್ಟು ಬಂದ ಹೆಂಗಸರು ತಮ್ಮದೆಂದರು. ಸಲಿಂಗಪ್ರೇಮಿಗಳು ತಮ್ಮದೆಂದರು; ಏಡ್ಸ್ ಹಬ್ಬಿದ 1980ರ ದಶಕದಲ್ಲಿ, ಸ್ನೇಹಿತರನ್ನು ಒಬ್ಬೊಬ್ಬರಾಗಿ ಮಣ್ಣು ಮಾಡಿ ಬಂದವರ ಬಾಯಲ್ಲಿ ಆ ಶೀರ್ಷಿಕೆಯ ಅರ್ಥ ಅಕ್ಷರಶಃ ಆಯಿತು. ಇಲ್ಲಿ ನಾನು ಆಗ ನೆನಪಿಟ್ಟುಕೊಳ್ಳಿ ಎಂದ ಮಾತು ಬರುತ್ತದೆ. ಪ್ರೇಮಿಯ ಕಥೆ ಹಾಡಿಗೆ ಮೇಲುಹೊದಿಕೆ. ಹೊದಿಕೆ ಸರಿಸಿದರೆ ಒಳಗೆ ಕೆಲಸ ಹೋದವನೂ ಕೂರಬಹುದು, ಕಾಯಿಲೆಯವರೂ ಕೂರಬಹುದು. ‘ನಾನು’ ಯಾರು ಎಂದು ಹಾಡು ಎಲ್ಲೂ ಹೇಳುವುದಿಲ್ಲ, ಹೆಸರಿಲ್ಲ, ಊರಿಲ್ಲ, ವಯಸ್ಸಿಲ್ಲ.

‘ನಾನು’ ಬದಲಾದರೆ ಹಾಡೇ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹಳೆಯ ಉದಾಹರಣೆ ‘ರೆಸ್ಪೆಕ್ಟ್’. 1965ರಲ್ಲಿ ಓಟಿಸ್ ರೆಡ್ಡಿಂಗ್ ಬರೆದು ಹಾಡಿದಾಗ ಅದು ಮನೆಗೆ ಬಂದ ಗಂಡಸು ಕೇಳುವ ಮರ್ಯಾದೆ. 1967ರಲ್ಲಿ ಅರೀತಾ ಫ್ರಾಂಕ್ಲಿನ್ ಅದೇ ಹಾಡಿಗೆ ಆ ಪದವನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳುವ ಭಾಗ ಸೇರಿಸಿದಾಗ ಕೇಳುವವಳು ಹೆಂಗಸಾದಳು, ಹಿಂದೆಯೇ ಒಂದು ಚಳವಳಿ ನಿಂತಿತು. ಆದರೆ ಅಮೆರಿಕದ ಕಾಯಿದೆಯಲ್ಲಿ ಸಾಮಾನ್ಯ ರೇಡಿಯೋ ಪ್ರಸಾರದ ರಾಯಧನ ಬರೆದವರಿಗೂ ಪ್ರಕಾಶಕರಿಗೂ ಮಾತ್ರ ಸಲ್ಲುತ್ತದೆ, ಹಾಡಿದವರಿಗಿಲ್ಲ. ಫ್ರಾಂಕ್ಲಿನ್‌ಗೂ ಇಲ್ಲ, ಗೇನರ್‌ಗೂ ಇಲ್ಲ. ಸಬಲೀಕರಣದ ಹಾಡುಗಳ ವಿಷಯದಲ್ಲಿ ಈ ಅನ್ಯಾಯವನ್ನು ಹೇಳದೆ ಮುಂದೆ ಹೋಗಬಾರದು.

1998ರ ವಿಶ್ವಕಪ್ ಫುಟ್ಬಾಲಿನಲ್ಲಿ ಗೆದ್ದ ಫ್ರಾನ್ಸ್ ತಂಡದ ಹಾಡೂ ಇದೇ ಆಯಿತು, ಡಚ್ ವಿದ್ಯಾರ್ಥಿಗಳ ಹರ್ಮಿಸ್ ಹೌಸ್ ಬ್ಯಾಂಡ್ ಹಾಡಿದ ರೂಪದಲ್ಲಿ. ಅದರಲ್ಲಿ ಮೂಲದ ಪಿಟೀಲಿನ ರಾಗವನ್ನು ‘ಲಾ ಲಾ ಲಾ’ ಎಂದು ಹಾಡುತ್ತಾರೆ. ಇಡೀ ಮೈದಾನ ಹಾಡಿದ್ದು ಅದನ್ನೇ. 2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ಗೇನರ್ ಈ ಹಾಡಿಗೆ ಇಪ್ಪತ್ತು ಸೆಕೆಂಡು ಕೈ ತೊಳೆಯುವ ವಿಡಿಯೋ ಹಾಕಿದರು, ಲೋಕವೆಲ್ಲ ಅನುಕರಿಸಿತು. ಒಂದು ಸುತ್ತು ಹದಿನಾರು ಸೆಕೆಂಡು ಎಂದೆನಲ್ಲ, ಸುತ್ತು ಮುಗಿದು ಮುಂದಿನ ಎರಡು ಕಾರ್ಡು ಕಳೆಯುವಷ್ಟರಲ್ಲಿ ಕೈ ಶುದ್ಧ.

ಹಾಡಲು ಹೊರಟವರಿಗೆ ಕೊನೆಯದಾಗಿ ಎರಡು ಮಾತು. ಕ್ಯಾರಿಯೋಕೆಯಲ್ಲಿ ಹಾಡುವವರು ಕೆಡುವುದು ಪಲ್ಲವಿಯ ಎತ್ತರದಲ್ಲಿ ಎಂದುಕೊಳ್ಳುತ್ತೇವೆ. ನಿಜವಾಗಿ ಕೆಡುವುದು ಎರಡನೇ ಸುತ್ತಿನಲ್ಲಿ. ಸಾಲುಗಳೆಲ್ಲ ತಾಳದ ಮೊದಲ ಬಡಿತಕ್ಕಿಂತ ಮುಂಚೆಯೇ ಎತ್ತುಗಡೆಯಾಗುತ್ತವೆ, ಒಂದರ ಬಾಲ ಇನ್ನೊಂದರ ತಲೆಗೆ ತಾಗುತ್ತದೆ, ಉಸಿರಿಗೆ ಅರ್ಧ ಬಡಿತದಷ್ಟೂ ಜಾಗವಿಲ್ಲ. ನಾಲ್ಕನೆಯ ಕಾರ್ಡಿನ ಕೊನೆಯ ಪದವನ್ನು ಎಳೆಯದೆ ಮೊಟಕುಮಾಡಿ ಅಲ್ಲೊಂದು ಉಸಿರು ತೆಗೆದುಕೊಳ್ಳಿ. ಮೊದಲ ಸುತ್ತನ್ನು ತಾಳಕ್ಕೆ ಕಟ್ಟಬೇಡಿ, ಯಾರಿಗೋ ಹೇಳುವ ಹಾಗೆ ಹೇಳಿ. ಡ್ರಮ್ಮು ಬರುವವರೆಗೆ ದನಿಯನ್ನು ಸಣ್ಣಗೇ ಇಟ್ಟುಕೊಳ್ಳಿ.

ನಮಸ್ಕಾರ.