ಬೈಲು ದಾಟುತ್ತಿದ್ದ ಕೂಗು

ನಮಸ್ಕಾರ. ರೇಡಿಯೋ ಅಂದ್ರೆ ಕಿವಿಯ ಕೆಲಸ ಅಲ್ವಾ, ಹಾಗಾಗಿ ಇವತ್ತು ಸದ್ದುಗಳ ಬಗ್ಗೆಯೇ ಮಾತಾಡುತ್ತೇನೆ.

ನಮ್ಮ ಊರು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಮನೆಯಲ್ಲಿ ಕನ್ನಡ, ಗದ್ದೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ. ನಾನು ಚಿಕ್ಕವನಿದ್ದಾಗ ಮನೆ ಎದುರು ಉದ್ದಕ್ಕೂ ಬೈಲು, ಅಂದ್ರೆ ಭತ್ತದ ಗದ್ದೆಗಳ ಬಯಲು. ಏಣೆಲು, ಸುಗ್ಗಿ, ನೀರಿದ್ದಲ್ಲಿ ಕೊಳಕೆ ಅಂತ ಮೂರು ಬೆಳೆ. ಮಳೆಗಾಲದ ಬೆಳೆ ಏಣೆಲಿನ ನೇಜಿ, ಅಂದ್ರೆ ಭತ್ತದ ಸಸಿ, ನೆಡುವ ದಿನ ಮಳೆಯಲ್ಲೇ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಬಗ್ಗಿ ನಿಲ್ಲುತ್ತಿದ್ದರು. ಒಬ್ಬರು ಓಬೇಲೆ, ಅಂದ್ರೆ ನೇಜಿ ನೆಡುವಾಗಿನ ತುಳು ಹಾಡು, ಎತ್ತಿಕೊಟ್ಟರೆ ಉಳಿದವರು ಹಿಡಿದುಕೊಳ್ಳುತ್ತಿದ್ದರು, ಹಾಡು ನಿಧಾನ ಆದರೆ ಕೈಯೂ ನಿಧಾನ, ಹಾಗಾಗಿ ಹಿಂದೆ ಬಿದ್ದವರನ್ನು ಬೈಯಬೇಕಾಗಿಯೇ ಇರಲಿಲ್ಲ, ಹಾಡೇ ಅವರನ್ನು ಎಳೆದುಕೊಂಡು ಬರುತ್ತಿತ್ತು. ಮಧ್ಯಾಹ್ನ ಗಂಜಿ ಕುಡಿಯುವಾಗ ಹಾಡಲು ಹೇಳಿದರೆ ಮಾತ್ರ ನಾಚಿಕೆ! ಕೈಯಲ್ಲಿ ನೇಜಿ ಇಲ್ಲದೆ ಅದು ಬಾಯಿಗೆ ಬರುವುದಿಲ್ಲ ಅನ್ನುತ್ತಿದ್ದರು.

ಆಮೇಲೆ ಅಪ್ಪ ಗದ್ದೆಗೆ ಮಣ್ಣು ಏರಿಸಿ ಅಡಿಕೆ ಇಟ್ಟರು. ಅಪ್ಪನನ್ನು ದೂರುವುದಿಲ್ಲ. ಭತ್ತದ ಲೆಕ್ಕ ಸರಿಹೋಗುತ್ತಿರಲಿಲ್ಲ, ಆಳು ಸಿಗುತ್ತಿರಲಿಲ್ಲ, ಗಂಡುಮಕ್ಕಳು ಗಲ್ಫಿಗೆ ಹೊರಟಿದ್ದರು, ಉಳಿದದ್ದಕ್ಕೆ ಹಂದಿ ಕಾಟ. ಗದ್ದೆ ತುಂಬಿಸಬಾರದು ಅಂತ ಕೇರಳದಲ್ಲಿ 2008ರಲ್ಲಿ ಕಾನೂನು ಬಂತು. ಅಷ್ಟರಲ್ಲಿ ನಮ್ಮ ಗಿಡಗಳು ಫಸಲು ಕೊಡುತ್ತಿದ್ದವು.

ಅಡಿಕೆಗೂ ಅದರದ್ದೇ ಸದ್ದು ಇತ್ತು ಅನ್ನಿ. ರಾತ್ರಿ ಜಗಲಿಯಲ್ಲಿ ರಾಶಿ ಸುರಿದು ಸುಲಿಯಲು ಕೂತರೆ ಹಿಂದಿನ ವಾರದ ತಾಳಮದ್ದಳೆಯ, ಅಂದ್ರೆ ವೇಷ ಇಲ್ಲದೆ ಕೂತೇ ಮಾಡುವ ಯಕ್ಷಗಾನದ, ಅರ್ಥಗಾರಿಕೆಯ ಮಾತು ಮತ್ತೊಮ್ಮೆ ಶುರು. ಕೃಷ್ಣನದ್ದೂ ಕೌರವನದ್ದೂ ಒಬ್ಬರೇ ಹೇಳುತ್ತಿದ್ದರು. ಈಗ ಸುಲಿಯುವ ಮೆಷಿನ್ ಬಂದಿದೆ. ಅದರ ಎದುರು ಯಾವ ಕೃಷ್ಣನೂ ಮಾತಾಡಲಾರ.

ಹಬ್ಬಗಳು ಮಾತ್ರ ನಿಂತಿಲ್ಲ, ಅದೇ ವಿಚಿತ್ರ. ತೆನೆ ಕಟ್ಟುವ ದಿನ ಹೊಸ ತೆನೆ ಮನೆಗೆ ಬರಲೇಬೇಕು. ಮೊದಲು ಬೆಳಿಗ್ಗೆ ನಮ್ಮ ಗದ್ದೆಗೇ ಇಳಿದು ಕೊಯ್ದು ತರುತ್ತಿದ್ದೆವು. ಈಗ ದೇವಸ್ಥಾನದಲ್ಲಿ ಮನೆಗೆ ಎರಡೆರಡು ತೆನೆ ಕೊಡುತ್ತಾರೆ, ಸಾಲಲ್ಲಿ ನಿಂತು ತರುತ್ತೇವೆ. ಹೊಸಕ್ಕಿ ಊಟದ ದಿನ ಅದರಿಂದ ನಾಲ್ಕು ಕಾಳು ಸುಲಿದು ಅಂಗಡಿಯ ಅಕ್ಕಿಗೆ ಸೇರಿಸಿ ಬೇಯಿಸುತ್ತೇವೆ. ಮಳೆಗಾಲದ ಆಟಿ ತಿಂಗಳಲ್ಲಿ ಮನೆಮನೆಗೆ ಬರುವ ವೇಷ ಕಳೆಂಜ, ತೆಂಬರೆ ಅನ್ನುವ ಚರ್ಮವಾದ್ಯ ಬಡಿಯುತ್ತಾ ಅಂಗಳಕ್ಕೆ ಬಂದರೆ ಭತ್ತ, ಅಕ್ಕಿ, ಉಪ್ಪು, ಅರಿಶಿನ, ಮಸಿ ಕೊಡುವುದು ಕ್ರಮ. ಹೋದ ಸಲ ಅಮ್ಮ ಎಲ್ಲವನ್ನೂ ಗೆರಸೆಯಲ್ಲಿ ಇಟ್ಟು ಭತ್ತದ ಜಾಗ ಮಾತ್ರ ಖಾಲಿ ಬಿಟ್ಟರು. ಕಳೆಂಜನೂ ಕೇಳಲಿಲ್ಲ. ಕೆಸರುಗದ್ದೆ ಆಟ ಅಂತ ಯುವಕರು ಮಾಡುತ್ತಾರೆ, ನಾನೂ ಹಗ್ಗಜಗ್ಗಾಟಕ್ಕೆ ಹೋಗಿ ಬಿದ್ದಿದ್ದೇನೆ. ಖುಷಿಯೇ. ಆದರೆ ಅಲ್ಲಿ ಓಬೇಲೆ ಮೈಕಿನಿಂದ ಬರುತ್ತದೆ.

ನಮ್ಮ ಜಿಲ್ಲೆಯವರೇ ಆದ ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿ 650ಕ್ಕೂ ಜಾಸ್ತಿ ಭತ್ತದ ತಳಿ ಕಾಪಾಡಿದ್ದಾರೆ, ರಾಜಕಯಮೆಯಂಥವನ್ನು ಬೇರೆ ಊರಿನ ರೈತರಿಗೂ ತಲುಪಿಸಿದ್ದಾರೆ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ದೊಡ್ಡ ಕೆಲಸ. ಬೀಜವನ್ನು ಒಬ್ಬರು ಹಟ ಹಿಡಿದು ಉಳಿಸಬಹುದು. ಓಬೇಲೆಗೆ ಕನಿಷ್ಠ ಇಬ್ಬರು ಬೇಕು, ಎತ್ತಿಕೊಡಲು ಒಬ್ಬರು, ಹಿಡಿದುಕೊಳ್ಳಲು ಇನ್ನೊಬ್ಬರು.

ಇನ್ನೊಂದು ಹೇಳಿ ಮುಗಿಸುತ್ತೇನೆ. ದೀಪಾವಳಿಗೆ ಬಲಿಯೇಂದ್ರನನ್ನು, ಅಂದ್ರೆ ಬಲಿ ಚಕ್ರವರ್ತಿಯನ್ನು, ಕರೆಯುತ್ತೇವಲ್ಲ, ಹಾಲೆಮರದ ಕಂಬ ನೆಟ್ಟು, ದೀಪ ಇಟ್ಟು, ಉಪ್ಪು ಕರ್ಪೂರ ಆಗುವಾಗ ಬಾ, ಉದ್ದು ಮದ್ದಳೆ ಆಗುವಾಗ ಬಾ ಅಂತ ಹೇಳಿ ಕೊನೆಗೆ ಕೂ ಹಾಕುವುದು. ಬೈಲು ಇದ್ದಾಗ ನಮ್ಮ ಕೂ ಗದ್ದೆ ಮೇಲಿಂದ ಸೀದಾ ಆಚೆ ದಡಕ್ಕೆ ಹೋಗುತ್ತಿತ್ತು, ಅಲ್ಲಿಂದ ತಿರುಗಿ ಅವರ ಕೂ, ಅದಕ್ಕೆ ಮೇಲಿನ ಮನೆಯವರದ್ದು, ಹೀಗೆ ಕತ್ತಲಲ್ಲಿ ಸುತ್ತಲಿನ ಮನೆಗಳನ್ನು ಕಿವಿಯಲ್ಲೇ ಎಣಿಸಬಹುದಿತ್ತು. ಹೋದ ವರ್ಷವೂ ಕೂಗಿದೆವು. ನಡುವೆ ಅಡಿಕೆ ತೋಟ. ಸ್ವಲ್ಪ ಹೊತ್ತು ಕಾದು ಒಳಗೆ ಹೋದೆವು. ಬೆಳಿಗ್ಗೆ ಆಚೆ ಮನೆಯ ಅಕ್ಕನಿಂದ ವಾಟ್ಸಾಪ್ ಬಂತು: "ನಿನ್ನೆ ನೀವು ಕೂ ಹಾಕಿದ್ದೀರಾ? ನಾವು ಹಾಕಿದ್ದು ಕೇಳಿತಾ?"

ನಮಸ್ಕಾರ.