ಕೊಡಗಿನ ಬೆಟ್ಟ, ತೋಟ, ನಾಲೆ: ಸೈಕಲ್ಲಿಗೆ ಇರುವ ದಾರಿಗಳು

ಆಕಾಶವಾಣಿಯ ಕೇಳುಗರೆಲ್ಲರಿಗೂ ನಮಸ್ಕಾರ.

ಬೆಟ್ಟ ಹತ್ತಿ ಇಳಿಯುವುದಕ್ಕೆಂದೇ ಮಾಡಿದ, ದಪ್ಪ ಟೈರಿನ, ಹಲವು ಗೇರುಗಳ ಸೈಕಲ್ಲುಗಳು ಈಗ ನಮ್ಮ ಕೊಡಗಿನ ರಸ್ತೆಗಳಲ್ಲಿ ಅಪರೂಪವಲ್ಲ. ರಜೆಯ ದಿನ ಬೆಳಗಿನ ಮಂಜು ಕರಗುವ ಮೊದಲೇ ಕುಶಾಲನಗರದಿಂದ ಮಡಿಕೇರಿಯ ಏರು ಹಿಡಿಯುವ ಸವಾರರನ್ನು ನೀವೂ ನೋಡಿರುತ್ತೀರಿ. ಅವರಲ್ಲಿ ಬಹುಮಂದಿ ಹೆದ್ದಾರಿ ಬಿಟ್ಟು ಒಳಗೆ ಬರುವುದೇ ಇಲ್ಲ. ಬಂದವರಲ್ಲಿ ಕೆಲವರು, ಇಂಥ ಬೆಟ್ಟಗಳಲ್ಲಿ ಸೈಕಲ್ಲಿಗೆಂದೇ ಹೊಸ ಜಾಡುಗಳನ್ನು ಕಡಿದರೆ ಎಷ್ಟು ಚೆನ್ನಾಗಿರುತ್ತದೆ ಎನ್ನುತ್ತಾರೆ. ಕೊಡಗಿಗೆ ಅಂಥ ಹೊಸ ಜಾಡಿನ ಅಗತ್ಯವಿಲ್ಲ, ಅದನ್ನು ಕಡಿಯಲೂ ಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಎತ್ತಿನ ಗಾಡಿಗೆ, ಕಾಫಿ ಮೂಟೆಗೆ, ಗದ್ದೆಯ ನೀರಿಗೆ ಎಂದು ಹಿಂದಿನವರು ಮಾಡಿಟ್ಟ ದಾರಿಗಳು ಇಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಯಾವುದನ್ನು ಯಾವ ಕಾಲದಲ್ಲಿ, ಯಾರನ್ನು ಕೇಳಿ ಬಳಸಬೇಕು ಎಂಬುದೇ ಮುಖ್ಯ.

ಕೊಡಗು 4,102 ಚದರ ಕಿಲೋಮೀಟರಿನ ಸಣ್ಣ ಜಿಲ್ಲೆ. ಪಶ್ಚಿಮದಲ್ಲಿ 1,748 ಮೀಟರ್ ಎತ್ತರದ ತಡಿಯಂಡಮೋಳ್, ಉತ್ತರದಲ್ಲಿ 1,712 ಮೀಟರ್ ಎತ್ತರದ ಪುಷ್ಪಗಿರಿ. ಅಲ್ಲಿಂದ ನೆಲವು ಪೂರ್ವಕ್ಕೆ ಓರೆಯಾಗಿ ಇಳಿಯುತ್ತಾ, ಕುಶಾಲನಗರದ ಹೊತ್ತಿಗೆ 800 ಮೀಟರಿಗಿಂತ ತುಸು ಹೆಚ್ಚಿನ ಎತ್ತರಕ್ಕೆ ಬಂದು, ಮೈಸೂರು ಸೀಮೆಯ ಬಯಲನ್ನು ಸೇರುತ್ತದೆ. ಮಳೆಯೂ ಇದೇ ಓರೆಯನ್ನು ಹಿಡಿದು ಪಶ್ಚಿಮದಿಂದ ಪೂರ್ವಕ್ಕೆ ಬೇಗ ಬೇಗನೆ ಕಡಿಮೆಯಾಗುತ್ತದೆ. ಭಾಗಮಂಡಲದ ಸಂಗಮದಲ್ಲಿ ಹೊಳೆ ಉಕ್ಕಿ ರಸ್ತೆಯ ಮೇಲೆ ನೀರು ನಿಂತ ದಿನವೇ ಪೂರ್ವದ ಹೆಬ್ಬಾಲೆಯ ಕಡೆ ನಾಲೆಯ ಏರಿಯ ಮೇಲಿನ ದಾರಿ ಸೈಕಲ್ ತುಳಿಯಲು ಯೋಗ್ಯವಾಗಿರಬಹುದು. ಆದ್ದರಿಂದ ಕೊಡಗಿನಲ್ಲಿ ಸೈಕಲ್ ಸವಾರಿಯ ಕಾಲ ಯಾವುದು ಎಂದು ಕೇಳಿದವರಿಗೆ, ಯಾವ ಕೊಡಗಿನಲ್ಲಿ ಎಂದು ನಾನು ತಿರುಗಿ ಕೇಳುತ್ತೇನೆ.

ಮೊದಲು ಬೆಟ್ಟದ ಸಾಲಿನ ಮಾತು. ಮಡಿಕೇರಿಯಿಂದ ಗಾಳಿಬೀಡು, ಕಾಲೂರಿನ ಕಡೆಗೆ, ಶಾಂತಳ್ಳಿಯಿಂದ ಮಲ್ಲಳ್ಳಿ ಜಲಪಾತದ ಕಡೆಗೆ, ಕಕ್ಕಬ್ಬೆಯಿಂದ ದೊಡ್ಡವೀರರಾಜೇಂದ್ರನು ಕಟ್ಟಿಸಿದ ನಾಲ್ಕುನಾಡು ಅರಮನೆಯ ಕಡೆಗೆ ಹೋಗುವ ಊರ ರಸ್ತೆಗಳು ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಸೈಕಲ್ಲಿಗೆ ಬಹಳ ಒಳ್ಳೆಯವು. ಡಾಂಬರು, ಕಾಂಕ್ರೀಟು, ಜಲ್ಲಿ, ಬರಿಮಣ್ಣು ಎಲ್ಲವೂ ಸರದಿಯಂತೆ ಬರುತ್ತವೆ. ಏರುಗಳು ಗಿಡ್ಡವಾದರೂ ಕಡಿದಾದವು. ಆದರೆ ಅರಮನೆಯಿಂದಾಚೆ ತಡಿಯಂಡಮೋಳಿನ ಮೇಲ್ಭಾಗದ ಹುಲ್ಲುಗಾವಲಿಗೆ ಸೈಕಲ್ ಒಯ್ಯಬಾರದು. ಅಲ್ಲಿ ಬಂಡೆಯ ಮೇಲಿರುವ ಮಣ್ಣಿನ ಪದರ ತೆಳ್ಳಗಿನದು. ಹುಲ್ಲಿನ ಬೇರು ಹಿಡಿದಿರುವಷ್ಟು ದಿನ ಮಾತ್ರ ಅದು ಅಲ್ಲಿರುತ್ತದೆ. ಒಂದೇ ಗೆರೆಯಲ್ಲಿ ಹತ್ತಾರು ಟೈರುಗಳು ಉಜ್ಜಿದರೆ ಹುಲ್ಲು ಸಾಯುತ್ತದೆ, ಮುಂದಿನ ಮುಂಗಾರಿನ ನೀರು ಆ ಗೆರೆಯಲ್ಲೇ ಹರಿದು ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ಮಾಂದಲಪಟ್ಟಿಯ ಹಾದಿಯಲ್ಲಿ ಜೀಪುಗಳ ಚಕ್ರಗಳು ಕೊರೆದಿರುವ ಹೊಂಡಗಳನ್ನೂ ಹಾಸಿಕೊಂಡಿರುವ ಕಲ್ಲುಗಳನ್ನೂ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊಸ ಜಾಡು ಬೇಡವೆನ್ನಲು ಇನ್ನೂ ದೊಡ್ಡ ಕಾರಣವಿದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ, ಮದೆನಾಡಿನ ಬೆಟ್ಟಗಳು ಕುಸಿದದ್ದನ್ನು ನಾವು ಯಾರೂ ಮರೆತಿಲ್ಲ. ಎಡೆಬಿಡದ ಮಳೆಯ ಜೊತೆಗೆ, ರಸ್ತೆಗಾಗಿ, ಮನೆಗಾಗಿ ಇಳಿಜಾರಿನ ಬುಡವನ್ನು ಕಡಿದದ್ದೂ ಕಾರಣವೆಂದು ಭೂವಿಜ್ಞಾನಿಗಳು ಗುರುತಿಸಿದರು. ಸೈಕಲ್ಲಿನ ಜಾಡು ರಸ್ತೆಯಷ್ಟು ಅಗಲವಲ್ಲ, ನಿಜ. ಆದರೂ ಇಳಿಜಾರಿಗೆ ಅಡ್ಡವಾಗಿ ಮಣ್ಣು ಕಡಿದಲ್ಲಿ ಬೆಟ್ಟದಿಂದ ಹರಡಿ ಹರಿಯುತ್ತಿದ್ದ ನೀರು ಒಂದೆಡೆ ಸೇರುತ್ತದೆ, ಸೇರಿದಲ್ಲಿ ಇಂಗುತ್ತದೆ ಅಥವಾ ಕೊರೆಯುತ್ತದೆ. ಜಾಡಿನ ಏರು ಆ ಬೆಟ್ಟದ ಇಳಿಜಾರಿನ ಅರ್ಧಕ್ಕಿಂತ ಹೆಚ್ಚಿರಬಾರದು, ಅಲ್ಲಲ್ಲಿ ದಾರಿಯನ್ನೇ ತುಸು ಇಳಿಸಿ ಏರಿಸಿ ನೀರನ್ನು ಹೊರಗೆ ಬಿಡಬೇಕು ಎಂಬ ನಿಯಮಗಳನ್ನು ಜಾಡು ಕಟ್ಟುವ ಪರಿಣತರು ರೂಢಿಸಿಕೊಂಡಿದ್ದಾರೆ. ಅವು ಒಳ್ಳೆಯ ನಿಯಮಗಳೇ. ಆದರೆ ನಮ್ಮ ಪಶ್ಚಿಮದ ಇಳಿಜಾರುಗಳಲ್ಲಿ ಸುರಿಯುವ ಮಳೆಯ ಮುಂದೆ ಅವನ್ನು ಪರೀಕ್ಷೆಗೆ ಒಡ್ಡುವ ಧೈರ್ಯ ನನಗಿಲ್ಲ.

ಕಾಯಿದೆಯ ವಿಷಯವನ್ನೂ ತಿಳಿದಿರಬೇಕು. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ವನ್ಯಧಾಮಗಳೂ ನಾಗರಹೊಳೆ ರಾಷ್ಟ್ರೀಯ ಉದ್ಯಾನವೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ಒಳಪಟ್ಟಿವೆ; ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅವುಗಳೊಳಗೆ ಸೈಕಲ್ ಒಯ್ಯುವುದು ಅಪರಾಧ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯವಿರುವುದರಿಂದ ಚಾರಣದ ದಾರಿಗಳನ್ನು ಮುಚ್ಚುವುದೂ ಉಂಟು. ಮೊಬೈಲಿನ ನಕ್ಷೆಯಲ್ಲಿ ಕಾಡಿನ ನಡುವೆ ಒಂದು ಗೆರೆ ಕಂಡಿತೆಂದು ಅದನ್ನು ದಾರಿಯೆಂದು ನಂಬಬೇಡಿ.

ಇಳಿತದ ಬಗ್ಗೆ ಒಂದು ಮಾತು ಹೇಳಿ ಬೆಟ್ಟವನ್ನು ಬಿಡುತ್ತೇನೆ. ಈ ಕ್ರೀಡೆ ಹುಟ್ಟಿದ್ದು 1970ರ ದಶಕದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಪ್ರಾಂತದ ಬೆಟ್ಟಗಳಲ್ಲಿ. ಅಲ್ಲಿನ ಯುವಕರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಮೇಲಕ್ಕೆ ಸಾಗಿಸಿ ಕೆಳಗೆ ಓಡಿಸುತ್ತಿದ್ದರು. ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಡಿಯುವ ಹಿಂಗಾಲಿಯ ಬ್ರೇಕು ಒಂದೇ ಇಳಿತಕ್ಕೆ ಎಷ್ಟು ಕಾಯುತ್ತಿತ್ತೆಂದರೆ ಚಕ್ರದ ನಡುವಿನ ಗುಂಬದೊಳಗಿನ ಗ್ರೀಸು ಸುಟ್ಟು ಹೋಗಿ, ಪ್ರತಿ ಸಲವೂ ಹೊಸ ಗ್ರೀಸು ತುಂಬಬೇಕಾಗುತ್ತಿತ್ತು. ಇಂದಿನ ಡಿಸ್ಕ್ ಬ್ರೇಕುಗಳು ಎಷ್ಟೋ ಉತ್ತಮ. ಆದರೂ ಬಿಸಿಯ ನಿಯಮ ಬದಲಾಗಿಲ್ಲ. ತಲಕಾವೇರಿಯಿಂದ ಭಾಗಮಂಡಲಕ್ಕೆ ಸುಮಾರು 8 ಕಿಲೋಮೀಟರಿನಲ್ಲಿ 300 ಮೀಟರಿಗೂ ಹೆಚ್ಚು ಇಳಿಯುತ್ತೇವೆ. ಉದ್ದಕ್ಕೂ ಬ್ರೇಕನ್ನು ಹಿಡಿದೇ ಇದ್ದರೆ ತಿರುವಿನಲ್ಲಿ ಅದು ಕೈಕೊಡುತ್ತದೆ. ತಿರುವಿಗೆ ಮೊದಲು ಎರಡೂ ಬ್ರೇಕುಗಳನ್ನು ಗಟ್ಟಿಯಾಗಿ ಹಿಡಿದು ವೇಗ ತಗ್ಗಿಸಿ, ತಿರುವಿನಲ್ಲಿ ಬಿಟ್ಟು, ಮತ್ತೆ ಹಿಡಿಯಬೇಕು. ಹಿಂದಿನ ಚಕ್ರವನ್ನು ತಿರುಗದಂತೆ ಬ್ರೇಕಿನಿಂದ ಹಿಡಿದು ಜಾರಿಸುವುದು ಸವಾರನಿಗೂ ಅಪಾಯ, ಮಣ್ಣಿನ ದಾರಿಗೂ ಗಾಯ.

ಇನ್ನು ನಡುವಿನ ಪಟ್ಟಿ, ತೋಟಗಳ ಸೀಮೆ. ಸುಂಟಿಕೊಪ್ಪ, ಚೆಟ್ಟಳ್ಳಿ, ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟಗಳ ಸುತ್ತ ಮರದ ನೆರಳಿನ ಕಾಫಿಯ ನಡುವೆ ಹಾದುಹೋಗುವ ಕಿರುದಾರಿಗಳಿಗೆ ಲೆಕ್ಕವಿಲ್ಲ. ಮನೆತನದ ಮೂಲಮನೆಗಳಾದ ಐನ್‌ಮನೆಗಳಿಗೆ ಹೋಗುವ ಓಣಿಗಳು, ಎರಡೂ ಬದಿ ಮಣ್ಣಿನ ದಿಣ್ಣೆಯಿದ್ದು ನಡುವೆ ತಗ್ಗಾಗಿ, ತಂಪಾಗಿ ಸಾಗುತ್ತವೆ. ಅಲ್ಲಲ್ಲಿ ಕಾಣುವ ಆಳವಾದ ಹಳೆಯ ಕಂದಕಗಳು ಕಡಂಗಗಳು. ನಾಡು ನಾಡುಗಳ ಗಡಿಗಾಗಿ, ಕಾವಲಿಗಾಗಿ ಪೂರ್ವಿಕರು ತೋಡಿದವು. ಅವುಗಳ ಅಂಚನ್ನು ಸೈಕಲ್ ಹಾರಿಸುವ ದಿಬ್ಬವಾಗಿ ಬಳಸುವುದು ನಮ್ಮ ಚರಿತ್ರೆಯನ್ನು ಸವೆಸುವುದೇ ಆಗುತ್ತದೆ. ದೇವರಕಾಡುಗಳ ಒಳಗೂ ಹೋಗಬಾರದು. ಜಿಲ್ಲೆಯಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಎಲ್ಲಕ್ಕೂ ಬೇಲಿಯಿಲ್ಲ, ಫಲಕವಿಲ್ಲ. ಕಾಫಿಯ ನಡುವೆ ಇದ್ದಕ್ಕಿದ್ದಂತೆ ಕತ್ತಿ ತಾಗದ ಹೆಮ್ಮರಗಳು ದಟ್ಟವಾಗಿ ಎದುರಾದರೆ ಅಲ್ಲೇ ನಿಂತು ಊರವರನ್ನು ಕೇಳುವುದು ಒಳ್ಳೆಯದು.

ತೋಟದೊಳಗಿನ ದಾರಿ ತೋಟದ ಯಜಮಾನರದು. ಅನುಮತಿ ಕೇಳಿದರೆ ಇಲ್ಲವೆನ್ನುವವರು ಕಡಿಮೆ ಎಂಬುದು ನನ್ನ ಅನುಭವ. ಗೇಟಿನ ಬಳಿ ಸೈಕಲ್ಲಿನಿಂದ ಇಳಿದು, ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರನ್ನು ಕಂಡು, ಎಲ್ಲಿಂದ ಬಂದೆವು, ಯಾವ ಕಡೆ ಹೊರಬೀಳುತ್ತೇವೆ ಎಂದು ಹೇಳಿದರೆ ಸಾಕು. ತೆರೆದ ಗೇಟನ್ನು ತೆರೆದೇ, ಮುಚ್ಚಿದ್ದನ್ನು ಮುಚ್ಚಿಯೇ ಹೋಗಬೇಕು. ಡಿಸೆಂಬರಿನಿಂದ ಕುಯ್ಲಿನ ಕಾಲ. ಕಣಗಳಲ್ಲಿ ಕಾಫಿ ಹರಡಿರುತ್ತದೆ, ಮೂಟೆ ಹೊತ್ತ ಟ್ರ್ಯಾಕ್ಟರುಗಳು, ಕಾರ್ಮಿಕರ ಲೈನ್ ಮನೆಗಳಿಂದ ಕೆಲಸಕ್ಕೆ ಹೊರಟ ಹೆಂಗಸರು ದಾರಿಯಲ್ಲಿರುತ್ತಾರೆ. ಆಗ ಅವರದೇ ಮೊದಲು.

ಅನುಮತಿ ಕೇಳುವುದರಿಂದ ಇನ್ನೊಂದು ದೊಡ್ಡ ಪ್ರಯೋಜನವಿದೆ: ಆನೆ ಎಲ್ಲಿದೆ ಎಂಬುದು ತಿಳಿಯುತ್ತದೆ. ದುಬಾರೆ, ಮಾಲ್ದಾರೆ, ಮೀನುಕೊಲ್ಲಿಯ ಕಾಡುಗಳಿಂದ ತೋಟಗಳಿಗೆ ಆನೆಗಳು ಬಂದು ಹೋಗುವುದು ಇಲ್ಲಿ ದಿನನಿತ್ಯದ ವಿಷಯ. ಕಂದಕ, ಸೋಲಾರ್ ಬೇಲಿ, ರೈಲು ಕಂಬಿಯ ತಡೆ, ಎಲ್ಲವನ್ನೂ ದಾಟುವ ದಾರಿಯನ್ನು ಅವು ಕಂಡುಕೊಳ್ಳುತ್ತವೆ. ಮೋಟಾರು ವಾಹನದ ಸದ್ದು ಆನೆಗೆ ದೂರದಿಂದಲೇ ಕೇಳಿಸುತ್ತದೆ. ಸೈಕಲ್ಲಿಗೆ ಸದ್ದಿಲ್ಲ. ತಿರುವು ದಾಟಿದೊಡನೆ ಹತ್ತಾರು ಅಡಿಗಳ ಅಂತರದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಬೆಚ್ಚಿಬೀಳಿಸುವ ಸಂದರ್ಭ ಇದರಿಂದಲೇ ಬರುತ್ತದೆ. ಮರಿಯಿರುವ ಹಿಂಡಾಗಲಿ, ಒಂಟಿ ಸಲಗವಾಗಲಿ ಆಗ ಏನು ಮಾಡೀತೆಂದು ಹೇಳಲಾಗದು. ಆದ್ದರಿಂದ ಬಿಸಿಲು ಚೆನ್ನಾಗಿ ಏರಿದ ಮೇಲೆ ಹೊರಟು, ಸಂಜೆ ಐದರೊಳಗೆ ತೋಟದ ದಾರಿಗಳನ್ನು ಬಿಟ್ಟು ಮುಖ್ಯರಸ್ತೆಗೆ ಬರಬೇಕು. ಹಸಿ ಲದ್ದಿ, ಆಗತಾನೆ ಮುರಿದ ಬೈನೆ ಮರ, ಹಲಸಿನ ತಿರುಳು ಕಂಡರೆ ಹಿಂತಿರುಗಬೇಕು. ಗುಂಪಾಗಿ ಮಾತನಾಡುತ್ತಾ ಹೋಗಿ, ಗಂಟೆ ಬಾರಿಸಿ. ಕಿವಿಗೆ ಹಾಡು ಹಾಕಿಕೊಂಡು ಮಾತ್ರ ಹೋಗಬೇಡಿ.

ಕೊನೆಗೆ ನನಗೆ ಅತ್ಯಂತ ಪ್ರಿಯವಾದ ನಾಲೆಯ ದಾರಿಗೆ ಬರುತ್ತೇನೆ. ಬೆಟ್ಟದ ಸೈಕಲ್ ಎಂದೊಡನೆ ಎಲ್ಲರ ಕಣ್ಣೂ ಪಶ್ಚಿಮಕ್ಕೆ ತಿರುಗುವುದರಿಂದ, ಕುಶಾಲನಗರ ತಾಲ್ಲೂಕಿನ ಈ ದಾರಿಗಳನ್ನು ಕೇಳುವವರೇ ಇಲ್ಲ. ಹುದುಗೂರಿನ ಬಳಿ ಹಾರಂಗಿ ಹೊಳೆಗೆ ಕಟ್ಟಿದ ಅಣೆಕಟ್ಟಿನಿಂದ ಹೊರಟ ನಾಲೆಗಳು ಪೂರ್ವದ ಬಯಲಿಗೆ ನೀರುಣಿಸುತ್ತವೆ. ಇತ್ತ ರಂಗಸಮುದ್ರ, ನಂಜರಾಯಪಟ್ಟಣಗಳ ಕಡೆಗೆ ಚಿಕ್ಲಿಹೊಳೆಯ ಸಣ್ಣ ಜಲಾಶಯವಿದೆ. ತುಂಬಿದಾಗ ಅರ್ಧಚಂದ್ರಾಕಾರದ ಕಟ್ಟೆಯ ಮೇಲಿಂದ ನೀರು ಬೀಳುವ ನೋಟಕ್ಕಾಗಿಯೇ ಜನ ಅಲ್ಲಿಗೆ ಹೋಗುತ್ತಾರೆ. ನಾಲೆಯ ನೀರು ಪಂಪಿಲ್ಲದೆ ತಾನಾಗಿ ಹರಿಯಬೇಕಾದ್ದರಿಂದ, ಎಂಜಿನಿಯರುಗಳು ಅದನ್ನು ಭೂಮಿಯ ಒಂದೇ ಮಟ್ಟದ ಗೆರೆಯನ್ನು ಹಿಡಿದು, ಕಣ್ಣಿಗೆ ಕಾಣದಷ್ಟು ಓರೆಯಲ್ಲಿ, ಗುಡ್ಡಗಳನ್ನು ಬಳಸಿಕೊಂಡು ಒಯ್ದಿರುತ್ತಾರೆ. ಆ ಏರಿಯ ಮೇಲೆ ನಾಲೆಯ ಮೇಲ್ವಿಚಾರಣೆಗಾಗಿ ಮಾಡಿದ ಮಣ್ಣಿನ ದಾರಿಯಲ್ಲಿ ಏರಿಲ್ಲ, ಇಳಿತವಿಲ್ಲ. ಆದರೆ ಪ್ರತಿ ಗುಡ್ಡದ ಸುತ್ತಲೂ ತಿರುವಿದೆ, ಪ್ರತಿ ತಿರುವಿಗೂ ಒಂದು ಹೊಸ ಊರಿದೆ. ಹೊಸದಾಗಿ ಸೈಕಲ್ ಹಿಡಿದ ಮಕ್ಕಳಿಗೆ, ಮಂಡಿನೋವಿರುವ ಹಿರಿಯರಿಗೆ ಇದಕ್ಕಿಂತ ಒಳ್ಳೆಯ ಮಣ್ಣಿನ ದಾರಿ ಕೊಡಗಿನಲ್ಲಿ ಬೇರೆಯಿಲ್ಲ. ಹಾರಂಗಿಯು ಕಾವೇರಿಯನ್ನು ಕೂಡುವ ಕೂಡಿಗೆಯಿಂದ ಹೆಬ್ಬಾಲೆ, ತೊರೆನೂರು, ಶಿರಂಗಾಲದ ಕಡೆಗೆ ಸಾಗಿದರೆ ಕಾಫಿಯ ನೆರಳು ಹಿಂದೆ ಉಳಿದು ಭತ್ತ, ಮುಸುಕಿನ ಜೋಳ, ಶುಂಠಿಯ ಹೊಲಗಳು ತೆರೆದುಕೊಳ್ಳುತ್ತವೆ. ಬೆಟ್ಟದಲ್ಲಿ ಸುರಿದ ಮಳೆ ಎಲ್ಲಿಗೆ ಹೋಯಿತು, ಯಾರ ಗದ್ದೆಯನ್ನು ನೆನೆಸಿತು ಎಂಬುದನ್ನು ಸೈಕಲ್ಲಿನ ವೇಗದಲ್ಲಿ ನೋಡುತ್ತಾ ಹೋಗಬಹುದು.

ಈ ದಾರಿಯಲ್ಲಿ ಗೊಬ್ಬರದ ಗಾಡಿ, ಹಸು, ಬಟ್ಟೆ ಒಗೆಯಲು ಬಂದ ತಾಯಂದಿರು ಇರುತ್ತಾರೆ. ಬೆಲ್ಲು ಮಾಡಿ, ನಿಧಾನಿಸಿ ದಾಟಬೇಕು. ಮಳೆ ನಿಂತ ಮಾರನೆಯ ದಿನ ಹೋಗಬೇಡಿ. ಟೈರಿಗೆ ಮಣ್ಣು ಅಂಟಿಕೊಳ್ಳುತ್ತಿದ್ದರೆ ದಾರಿ ಇನ್ನೂ ಒಣಗಿಲ್ಲ ಎಂದೇ ತಿಳಿಯಬೇಕು; ಆಗ ಮೂಡಿದ ಚಕ್ರದ ಗೀರಿನಲ್ಲಿ ನೀರು ನಿಂತು ಏರಿ ಕುಸಿಯುತ್ತದೆ, ಏರಿ ಕುಸಿದರೆ ಕೆಳಗಿನವರ ಬೆಳೆ ಹೋಗುತ್ತದೆ.

ನಾಲೆಯ ನಿಜವಾದ ಅಪಾಯ ಅದರ ಕಾಂಕ್ರೀಟಿನ ಗೋಡೆ. ಓರೆಯಾಗಿ, ಪಾಚಿಗಟ್ಟಿ ನುಣುಪಾಗಿರುವ ಆ ಗೋಡೆಯನ್ನು ಹಿಡಿದು, ಹರಿಯುವ ನೀರಿನಿಂದ ಮೇಲೆ ಬರುವುದು ಈಜು ಬಲ್ಲವರಿಗೂ ಬಹಳ ಕಷ್ಟ. 2018ರ ನವೆಂಬರಿನಲ್ಲಿ ಪಾಂಡವಪುರದ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಸತ್ತಾಗ, ತಡೆಗೋಡೆಯಿಲ್ಲದ ನಾಲೆ ದಾರಿಗಳ ವಿಷಯ ನಾಡಿನಾದ್ಯಂತ ಚರ್ಚೆಗೆ ಬಂತು. ನಾಲೆಯಲ್ಲಿ ನೀರಿರುವ ತಿಂಗಳುಗಳಲ್ಲಿ ಒಬ್ಬೊಬ್ಬರೇ ಹೋಗಬಾರದು. ದಾರಿಯಲ್ಲಿ ನೀರಿನ ಕಡೆಯ ಚಕ್ರದ ಗೆರೆಯನ್ನು ಬಿಟ್ಟು ಹೊಲದ ಕಡೆಯ ಗೆರೆಯಲ್ಲೇ ಸಾಗಬೇಕು. ಮಕ್ಕಳನ್ನು ಕರೆದೊಯ್ಯುವವರು ನೀರು ನಿಲ್ಲಿಸಿದ ಬೇಸಿಗೆಯ ತಿಂಗಳುಗಳನ್ನೇ ಆರಿಸಿಕೊಳ್ಳಬೇಕು.

ಹಾರಂಗಿಯ ನಾಲೆಗಳನ್ನು ನೋಡಿಕೊಳ್ಳುವ ಕಾವೇರಿ ನೀರಾವರಿ ನಿಗಮಕ್ಕೂ ದಾರಿಯುದ್ದಕ್ಕಿರುವ ಗ್ರಾಮ ಪಂಚಾಯಿತಿಗಳಿಗೂ ನನ್ನದೊಂದು ವಿನಂತಿ. ಸೈಕಲ್ಲಿಗಾಗಿ ಹೊಸ ದಾರಿ ಮಾಡಿಕೊಡಿ ಎಂದು ನಾನು ಕೇಳುತ್ತಿಲ್ಲ. ಊರು ಬಂದಲ್ಲೆಲ್ಲಾ ನಾಲೆಯ ಗೋಡೆಗೆ ಇಳಿದು ಹತ್ತಲು ಮೆಟ್ಟಿಲುಗಳನ್ನು ಕೂರಿಸಿ, ಸೇತುವೆಗಳ ಕೆಳಗೆ ನೀರಿಗೆ ಅಡ್ಡವಾಗಿ ಹಿಡಿಯಲು ಒಂದು ಸರಪಳಿಯನ್ನು ಕಟ್ಟಿಸಿ, ನೀರು ಬಿಡುವ ದಿನವನ್ನು ಏರಿ ಆರಂಭವಾಗುವಲ್ಲಿ ಕನ್ನಡದಲ್ಲಿ ದೊಡ್ಡದಾಗಿ ಬರೆಸಿ. ಅದರಿಂದ ಸೈಕಲ್ ಸವಾರರಿಗಿಂತ ಮೊದಲು ಅಲ್ಲಿ ದಿನವೂ ಬಟ್ಟೆ ಒಗೆಯುವವರ, ದನಕ್ಕೆ ನೀರು ಕುಡಿಸುವವರ, ಶಾಲೆಗೆ ಏರಿಯ ಮೇಲೆ ನಡೆದು ಹೋಗುವ ಮಕ್ಕಳ ಜೀವ ಉಳಿಯುತ್ತದೆ.

ನಮಸ್ಕಾರ.